ಪಾಲಕ್ ಎಲೆಯ ನಾಲ್ಕು ಬಣ್ಣಗಳು ನಮ್ಮ ಕಾಗದದ ಮೇಲೆ ಏಕೆ ಬೇರೆಯಾಗುತ್ತಿಲ್ಲ?

ನಂದಿ ತಪ್ಪಲು:
ಚಿಕ್ಕಬಳ್ಳಾಪುರದ ಬಳಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಬೋಧಿಸುತ್ತೇನೆ. ಕಾಗದ ಕ್ರೊಮ್ಯಾಟೋಗ್ರಫಿಯಿಂದ ಎಲೆಯ ವರ್ಣದ್ರವ್ಯಗಳನ್ನು ಬೇರ್ಪಡಿಸುವ ಪ್ರಯೋಗ ನಮ್ಮ ಪ್ರಥಮ ಪಿಯು ಮಕ್ಕಳಿಗೆ ಇದೆ. ಮೇಲಿನಿಂದ ಕೆಳಕ್ಕೆ ಕಿತ್ತಳೆ ಛಾಯೆಯ ಹಳದಿ ಕ್ಯಾರೋಟೀನ್, ಹಳದಿ ಕ್ಸ್ಯಾಂಥೊಫಿಲ್, ನೀಲಿ ಹಸಿರಿನ ಕ್ಲೋರೋಫಿಲ್ ಎ, ಹಳದಿ ಹಸಿರಿನ ಕ್ಲೋರೋಫಿಲ್ ಬಿ ಎಂದು ನಾಲ್ಕು ಪಟ್ಟಿಗಳು ಕಾಣಬೇಕು. ಈ ವರ್ಷ ಎರಡು ತಂಡಗಳಿಗೆ ಮಾಡಿಸಿದೆ, ಎರಡೂ ಸಲ ಕಾಣಲಿಲ್ಲ.

ಮೊದಲ ತಂಡದ ದಿನ ದ್ರಾವಕಕ್ಕೆ ಬೇಕಾದ ಪೆಟ್ರೋಲಿಯಂ ಈಥರ್ ಮುಗಿದಿತ್ತು. ಬರೀ ಅಸಿಟೋನ್‌ನಲ್ಲಿ ಕಾಗದ ಇಳಿಬಿಟ್ಟಾಗ ಎಲ್ಲ ಬಣ್ಣವೂ ಒಟ್ಟಾಗಿ ತುದಿಯವರೆಗೆ ಏರಿ ಒಂದೇ ಹಸಿರು ಗೆರೆಯಾಗಿ ನಿಂತಿತು. ಎರಡನೆಯ ತಂಡದ ವೇಳೆಗೆ ಈಥರ್ ಬಂದಿತ್ತು, ಒಂಬತ್ತು ಭಾಗ ಈಥರ್‌ಗೆ ಒಂದು ಭಾಗ ಅಸಿಟೋನ್ ಬೆರೆಸಿದೆವು. ಆಗ ಚುಕ್ಕೆಯಿಂದ ಮೇಲಕ್ಕೆ ಹಸಿರು ಗಡ್ಡ ಬಿಟ್ಟಂತೆ ಎಳೆಯಿತೇ ಹೊರತು ಪಟ್ಟಿಗಳಾಗಿ ಒಡೆಯಲಿಲ್ಲ. ಪಾಲಕ್ ತೊಳೆದು ಹಸಿಯಾಗಿಯೇ ಅಸಿಟೋನ್‌ನಲ್ಲಿ ಅರೆದು, ರಸವನ್ನು ಬೆಂಕಿಕಡ್ಡಿಯ ತುದಿಯಿಂದ ಇಟ್ಟಿದ್ದೆವು. ಜಾಡಿಯ ಬಾಯಿಗೆ ರಟ್ಟು ಮುಚ್ಚಿದ್ದೆವು.

ನನ್ನನ್ನು ಕಾಡುತ್ತಿರುವುದು ಇದಕ್ಕಿಂತ ದೊಡ್ಡ ಸಂಗತಿ. ಮಕ್ಕಳೆಲ್ಲರೂ ಹಿಂದಿನ ವರ್ಷದವರ ರೆಕಾರ್ಡ್ ನೋಡಿ ನಾಲ್ಕು ಬಣ್ಣದ ಪೆನ್ಸಿಲ್‌ಗಳಲ್ಲಿ ನಾಲ್ಕು ಪಟ್ಟಿ ಬಿಡಿಸಿ, ಪ್ರತಿ ಬಣ್ಣ ಎಷ್ಟು ಏರಿತೆಂದು ತೋರಿಸುವ ಆರ್‌ಎಫ್ ಮೌಲ್ಯಗಳನ್ನೂ ಅಲ್ಲಿಂದಲೇ ಇಳಿಸಿಕೊಂಡು ಸಹಿಗೆ ತಂದರು. ನಾನು ಸಹಿ ಹಾಕಿಲ್ಲ. ಪಟ್ಟಿ ಬರುವಂತೆ ಮಾಡುವುದು ಹೇಗೆ?

ಕಲ್ಪತರು ಸೀಮೆ:
ಮೇಡಂ, ತುಮಕೂರಿನಲ್ಲಿ ಬಹಳ ಕಾಲ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು ನಾನು. ತಮ್ಮ ಎರಡು ಸೋಲುಗಳಿಗೂ ಬೇರೆ ಬೇರೆ ಕಾರಣಗಳಿವೆ.

ಕಾಗದವೆಂದರೆ ಸೆಲ್ಯುಲೋಸ್, ಅದು ಗಾಳಿಯ ತೇವವನ್ನು ಹಿಡಿದಿಟ್ಟುಕೊಂಡಿರುತ್ತದೆ. ಆದ್ದರಿಂದ ಕಾಗದ ಧ್ರುವೀಯ, ಅಂದರೆ ನೀರಿನ ಗುಣದ್ದು; ಪೆಟ್ರೋಲಿಯಂ ಈಥರ್ ಅಧ್ರುವೀಯ, ಅಂದರೆ ಎಣ್ಣೆಯ ಗುಣದ್ದು. ಮೇಲೇರುವ ದ್ರಾವಕ ಬಣ್ಣವನ್ನು ಕರೆದೊಯ್ಯಲು ನೋಡುತ್ತದೆ, ಕಾಗದ ಹಿಡಿದು ನಿಲ್ಲಿಸಲು ನೋಡುತ್ತದೆ. ಈ ಎಳೆದಾಟದಲ್ಲಿ ಯಾರ ಕೈ ಮೇಲಾಗುತ್ತದೆ ಎಂಬುದು ಅಣುವಿನ ರಚನೆಗೆ ಬಿಟ್ಟದ್ದು. ಕ್ಯಾರೋಟೀನ್‌ನಲ್ಲಿ 40 ಕಾರ್ಬನ್ ಮತ್ತು 56 ಹೈಡ್ರೋಜನ್ ಪರಮಾಣುಗಳಷ್ಟೇ ಇವೆ, ಆಮ್ಲಜನಕ ಒಂದೂ ಇಲ್ಲ. ಕಾಗದಕ್ಕೆ ಹಿಡಿಯಲು ಏನೂ ಸಿಗದ ಕಾರಣ ಅದು ದ್ರಾವಕದ ಜೊತೆಯಲ್ಲೇ ಓಡುತ್ತದೆ. ಎಲೆಯ ಮುಖ್ಯ ಕ್ಸ್ಯಾಂಥೊಫಿಲ್ ಆದ ಲ್ಯೂಟೀನ್‌ನಲ್ಲಿ ಅದೇ ಚೌಕಟ್ಟಿಗೆ ಆಮ್ಲಜನಕವಿರುವ ಎರಡು ಹೈಡ್ರಾಕ್ಸಿಲ್ ಗುಂಪುಗಳು ಸೇರಿವೆ, ಅಷ್ಟರಮಟ್ಟಿಗೆ ಅದು ಹಿಂದೆ ಬೀಳುತ್ತದೆ. ಕ್ಲೋರೋಫಿಲ್ ಎ ಮತ್ತು ಬಿ ನಡುವೆ ಇರುವ ವ್ಯತ್ಯಾಸವಂತೂ ಒಂದೇ ಜಾಗದ್ದು: ಎ ಯಲ್ಲಿ ಮೀಥೈಲ್ ಗುಂಪು ಇರುವ ಕಡೆ ಬಿ ಯಲ್ಲಿ ಆಮ್ಲಜನಕವಿರುವ ಆಲ್ಡಿಹೈಡ್ ಗುಂಪು ಇದೆ. ಅಷ್ಟು ಸಣ್ಣ ಬದಲಾವಣೆಗೆ ಬಿ ಒಂದು ಬೆರಳು ಕೆಳಗೆ ನಿಲ್ಲುತ್ತದೆ.

ಬರೀ ಅಸಿಟೋನ್ ಇಟ್ಟಾಗ ಅದರ ಸೆಳೆತವೇ ಹೆಚ್ಚಾಗಿ ಎಲ್ಲವನ್ನೂ ತುದಿಗೆ ಹೊತ್ತೊಯ್ಯುತ್ತದೆ. ಬರೀ ಈಥರ್ ಇಟ್ಟಿದ್ದರೆ ಕ್ಯಾರೋಟೀನ್ ಮಾತ್ರ ಓಡಿ ಹಸಿರು ಚುಕ್ಕೆಯ ಆಸುಪಾಸಿನಲ್ಲೇ ಉಳಿಯುತ್ತಿತ್ತು. ಒಂಬತ್ತಕ್ಕೆ ಒಂದು ಎಂಬ ಅಳತೆ ಇರುವುದು ಈ ಎರಡರ ನಡುವಿನ ಹದಕ್ಕಾಗಿ.

ಮಧುಗಿರಿ ಅಟೆಂಡರ್:
ಗಡ್ಡದ ಕಥೆಯನ್ನು ನಾನು ಹೇಳುತ್ತೇನೆ ಮೇಡಂ, ಏಕೆಂದರೆ ಪ್ರಯೋಗಾಲಯದಲ್ಲಿ ಜಾಡಿ ತೊಳೆಯುವವನು ನಾನು. ಬೆಂಕಿಕಡ್ಡಿಯಿಂದ ಇಟ್ಟರೆ ಚುಕ್ಕೆ ಕಡಲೆಕಾಳಿನಷ್ಟು ಅಗಲವಾಗುತ್ತದೆ. ಸಣ್ಣ ಕ್ಯಾಪಿಲರಿ ನಾಳದಿಂದ ಸಾಸಿವೆ ಗಾತ್ರದ ಚುಕ್ಕೆ ಇಟ್ಟು, ಊದಿ ಒಣಗಿಸಿ, ಅದೇ ಜಾಗಕ್ಕೆ ಮತ್ತೆ ಇಡಬೇಕು. ಹೀಗೆ ಹತ್ತು ಹದಿನೈದು ಸಲ ಮಾಡಬೇಕು. ಮಕ್ಕಳಿಗೆ ಅಷ್ಟು ತಾಳ್ಮೆ ಇರುವುದಿಲ್ಲ, ಒಣಗುವ ಮೊದಲೇ ಇನ್ನೊಂದು ಹನಿ ಹಾಕುತ್ತಾರೆ. ಚುಕ್ಕೆಯಲ್ಲಿ ಬಣ್ಣ ಅತಿಯಾದರೂ ಅದು ಗಡ್ಡವಾಗಿಯೇ ಎಳೆಯುತ್ತದೆ.

ಹಸಿ ಎಲೆಯನ್ನು ತೊಳೆದು ಒರೆಸದೆ ಅರೆದದ್ದು ಇನ್ನೊಂದು ತಪ್ಪು. ನೀರು ಸೇರಿದ ಅಸಿಟೋನ್ ಕಾಗದದ ಮೇಲೆ ಬೇಗ ಒಣಗುವುದಿಲ್ಲ, ಚುಕ್ಕೆ ಹರಡುತ್ತಲೇ ಹೋಗುತ್ತದೆ. ಬಟ್ಟೆಯಲ್ಲಿ ಒತ್ತಿ ಒರೆಸಿ, ದಂಟು ಮತ್ತು ದಪ್ಪ ನರ ತೆಗೆದು, ಒಂದು ಚಿಟಿಕೆ ತೊಳೆದು ಒಣಗಿಸಿದ ಮರಳು ಹಾಕಿ ಅರೆದರೆ ರಸ ಕಪ್ಪುಹಸಿರಾಗಿ ಬರುತ್ತದೆ. ತಿಳಿಹಸಿರು ರಸದಿಂದ ಏನೂ ಆಗುವುದಿಲ್ಲ.

ರಟ್ಟು ಮುಚ್ಚಬೇಡಿ, ಬಿರಡೆ ಹಾಕಿ. ಕಾಗದ ಇಳಿಸುವ ಮೊದಲು ದ್ರಾವಕ ಸುರಿದು ಹತ್ತು ನಿಮಿಷ ಮುಚ್ಚಿಟ್ಟರೆ ಜಾಡಿಯೊಳಗೆ ಆವಿ ತುಂಬಿಕೊಳ್ಳುತ್ತದೆ. ಇಲ್ಲದಿದ್ದರೆ ಬೇಸಿಗೆಯಲ್ಲಿ ದ್ರಾವಕ ಅರ್ಧ ದಾರಿಯಲ್ಲೇ ಹಾರಿಹೋಗುತ್ತದೆ.

ಹೊಸ ಪಿಯು:
ಚುಕ್ಕೆ ಇಡುವ ಗೆರೆಯನ್ನು ಪೆನ್ಸಿಲ್‌ನಲ್ಲೇ ಏಕೆ ಎಳೆಯಬೇಕು? ನಾನು ಪೆನ್ನಿನಲ್ಲಿ ಎಳೆದಿದ್ದೆ, ನನಗೆ ಐದು ಬಣ್ಣ ಬಂದವು.

ಮಧುಗಿರಿ ಅಟೆಂಡರ್:
ಐದನೆಯದು ನಿನ್ನ ಪೆನ್ನಿನ ಶಾಯಿಯಪ್ಪ.

ಮುಳಬಾಗಿಲು ಅಡುಗೆಮನೆ:
ನನ್ನ ಮಗಳಿಗೂ ಇದೇ ಪ್ರಯೋಗ ಇದೆ. ಅವಳಿಗೆ ಎರಡು ಹಳದಿ ಪಟ್ಟಿಗಳ ನಡುವೆ ಬೂದುಬಣ್ಣದ ಒಂದು ಪಟ್ಟಿ ಕಾಣಿಸಿತಂತೆ. ಅದು ಪುಸ್ತಕದಲ್ಲಿ ಇಲ್ಲವೆಂದು ಅವಳ ಉಪನ್ಯಾಸಕರು ರೆಕಾರ್ಡ್‌ನಿಂದ ಅಳಿಸಿದರು. ಅವಳು ಪೆನ್ನಿನ ಗೆರೆ ಎಳೆದಿರಲಿಲ್ಲ. ಹಾಗಾದರೆ ಆ ಬೂದು ಯಾವುದು?

ಕಲ್ಪತರು ಸೀಮೆ:
ಅಳಿಸಬಾರದಿತ್ತು ತಾಯಿ. ಅದು ಫಿಯೊಫೈಟಿನ್. ಕ್ಲೋರೋಫಿಲ್ ಅಣುವಿನ ನಡುಮನೆಯಲ್ಲಿ ಒಂದು ಮೆಗ್ನೀಷಿಯಂ ಕುಳಿತಿರುತ್ತದೆ. ಹುಳಿ ಸೋಕಿದರೆ ಆ ಮೆಗ್ನೀಷಿಯಂ ಹೊರಬಿದ್ದು ಅದರ ಜಾಗಕ್ಕೆ ಹೈಡ್ರೋಜನ್ ಬರುತ್ತದೆ, ಹಸಿರು ಮಾಸಿ ಬೂದು ಕಂದಾಗುತ್ತದೆ. ಸೊಪ್ಪಿನ ಸಾರಿಗೆ ಹುಣಸೆ ರಸ ಬಿಟ್ಟು ಕುದಿಸಿದಾಗ ಹಸಿರು ಮಂಕಾಗುವುದನ್ನು ತಾವು ದಿನವೂ ನೋಡುತ್ತೀರಿ, ಕಾಗದದ ಮೇಲೆ ಬಂದದ್ದೂ ಅದೇ. ಪಾಲಕ್‌ನಲ್ಲಿ ಆಕ್ಸಾಲಿಕ್ ಆಮ್ಲ ಸಾಕಷ್ಟಿದೆ. ಎಲೆ ಇಡಿಯಾಗಿರುವಾಗ ಅದು ಜೀವಕೋಶದೊಳಗೆ ಪ್ರತ್ಯೇಕವಾಗಿ ಇರುತ್ತದೆ, ಅರೆದ ಕೂಡಲೇ ಹಸಿರಿನೊಡನೆ ಬೆರೆಯುತ್ತದೆ. ಅರೆದಿಟ್ಟ ರಸವನ್ನು ಮಧ್ಯಾಹ್ನದವರೆಗೆ ಇಟ್ಟುಕೊಂಡು ಬಳಸಿದರೆ ಬೂದು ಪಟ್ಟಿ ದಪ್ಪವಾಗುತ್ತದೆ, ಕ್ಲೋರೋಫಿಲ್ ಪಟ್ಟಿ ಆ ಮಟ್ಟಿಗೆ ಸೊರಗುತ್ತದೆ. ಅರೆಯುವಾಗಲೇ ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕುವುದು ಈ ಹುಳಿಯನ್ನು ಮುರಿಯಲಿಕ್ಕೆ.

ಶಿರಾ ದಾರಿ:
ಕ್ಯಾಲ್ಸಿಯಂ ಕಾರ್ಬೊನೇಟ್ ಇಲ್ಲದ ಕಾಲೇಜಿನವರು ಸೀಮೆಸುಣ್ಣ ಪುಡಿ ಮಾಡಿ ಹಾಕಬಹುದು, ಅದೂ ಇಲ್ಲದಿದ್ದರೆ ಎಲೆಯಡಿಕೆಗೆ ಹಾಕುವ ಸುಣ್ಣವಾದರೂ ಆದೀತು.

ಕಲ್ಪತರು ಸೀಮೆ:
ಎರಡೂ ಆಗದು. ನಮ್ಮ ಶಾಲೆಗಳಿಗೆ ಬರುವ ಸೀಮೆಸುಣ್ಣ ಹೆಚ್ಚಾಗಿ ಜಿಪ್ಸಂನದು, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಅದು ಹುಳಿಯನ್ನು ಮುರಿಯುವುದಿಲ್ಲ. ಎಲೆಯಡಿಕೆಯ ಸುಣ್ಣ ಇನ್ನೊಂದು ಅತಿ. ತೀಕ್ಷ್ಣ ಕ್ಷಾರ ತಗುಲಿದರೆ ಕ್ಲೋರೋಫಿಲ್‌ಗೆ ಬಾಲದಂತೆ ಅಂಟಿರುವ ಫೈಟಾಲ್ ಸರಪಳಿ ಕಳಚಿ, ಉಳಿದ ಭಾಗ ನೀರಿನಲ್ಲಿ ಕರಗುವಂಥದ್ದಾಗುತ್ತದೆ. ಬಣ್ಣ ಹಸಿರಾಗಿಯೇ ಇರುತ್ತದೆ, ಆದರೆ ಚುಕ್ಕೆಯಿಂದ ಕದಲುವುದಿಲ್ಲ. ಏನೂ ಸಿಗದಿದ್ದರೆ ಅಡುಗೆ ಸೋಡಾ ಒಂದೇ ಒಂದು ಚಿಟಿಕೆ ಸಾಕು.

ಶಿರಾ ದಾರಿ:
ಒಪ್ಪಿದೆ ಮೇಷ್ಟ್ರೇ. ಆದರೆ ಸೀಮೆಸುಣ್ಣವನ್ನು ಹೀಗೆ ತಳ್ಳಿಹಾಕಬೇಡಿ. ನಾನು ಪ್ರೌಢಶಾಲೆಯಲ್ಲಿ ಕಾಗದವನ್ನೇ ಬಳಸುವುದಿಲ್ಲ. ಸೀಮೆಸುಣ್ಣದ ಕಡ್ಡಿಯ ಬುಡದಿಂದ ಒಂದು ಬೆರಳು ಮೇಲೆ ಎಲೆಯ ರಸದ ಉಂಗುರ ಬರೆದು, ಕಡ್ಡಿಯನ್ನು ದ್ರಾವಕದಲ್ಲಿ ನೆಟ್ಟಗೆ ನಿಲ್ಲಿಸಿದರೆ ಹಳದಿ ಮತ್ತು ಹಸಿರು ಉಂಗುರಗಳು ಬೇರೆಯಾಗುವುದು ಸುತ್ತಲೂ ಕುಳಿತ ಮಕ್ಕಳಿಗೆಲ್ಲ ಕಾಣುತ್ತದೆ. ಈ ವಿಧಾನವನ್ನು ಕಂಡುಹಿಡಿದ ರಷ್ಯಾದ ಸಸ್ಯವಿಜ್ಞಾನಿ ಸ್ವೆಟ್ ಅವರು ಕಾಗದದ ಮೇಲೆ ಮಾಡಿದ್ದನ್ನೇ ನಾನು ಕಡ್ಡಿಯ ಮೇಲೆ ಮಾಡುತ್ತೇನೆ, ಅಷ್ಟೇ.

ಎಂಎಸ್‌ಸಿ ಕೋಲಾರ:
ಸಣ್ಣ ತಿದ್ದುಪಡಿ ಸರ್. ಮಿಖಾಯಿಲ್ ಸ್ವೆಟ್ ಬಳಸಿದ್ದು ಕಾಗದವನ್ನಲ್ಲ. ಗಾಜಿನ ಕೊಳವೆಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ತುಂಬಿ, ಮೇಲಿನಿಂದ ಎಲೆಯ ಸಾರ ಸುರಿದು, ಬಣ್ಣದ ಉಂಗುರಗಳು ಕೆಳಗಿಳಿಯುತ್ತ ಬೇರೆಯಾಗುವುದನ್ನು ಅವರು ತೋರಿಸಿದರು. 1903ರಲ್ಲಿ ವಾರ್ಸಾದಲ್ಲಿ ಈ ಕುರಿತು ಉಪನ್ಯಾಸ ನೀಡಿದರು, 1906ರ ಲೇಖನಗಳಲ್ಲಿ ಕ್ರೊಮ್ಯಾಟೋಗ್ರಫಿ ಎಂಬ ಹೆಸರನ್ನು ಕೊಟ್ಟರು. ಕಾಗದ ಬಂದದ್ದು ಬಹಳ ತಡವಾಗಿ, 1944ರಲ್ಲಿ. ಇಂಗ್ಲೆಂಡಿನಲ್ಲಿ ಕಾನ್ಸ್‌ಡನ್, ಗಾರ್ಡನ್ ಮತ್ತು ಮಾರ್ಟಿನ್ ಅಮೈನೋ ಆಮ್ಲಗಳನ್ನು ಬೇರ್ಪಡಿಸಲು ಸೋಸುವ ಕಾಗದವನ್ನು ಬಳಸಿದರು. ಅದಕ್ಕೆ ಆಧಾರವಾಗಿದ್ದ ವಿಭಾಗೀಯ ಕ್ರೊಮ್ಯಾಟೋಗ್ರಫಿಗಾಗಿ (ವಸ್ತುಗಳು ಎರಡು ದ್ರವಗಳ ನಡುವೆ ಬೇರೆ ಬೇರೆ ಪ್ರಮಾಣದಲ್ಲಿ ಹಂಚಿಹೋಗುವುದನ್ನು ಬಳಸುವ ವಿಧಾನ) ಮಾರ್ಟಿನ್ ಮತ್ತು ಸಿಂಜ್ ಅವರಿಗೆ 1952ರಲ್ಲಿ ನೊಬೆಲ್ ಬಂತು. ಹಾಗೆ ನೋಡಿದರೆ ತಮ್ಮ ಸೀಮೆಸುಣ್ಣವೇ ಸ್ವೆಟ್ ಅವರಿಗೆ ಹತ್ತಿರದ್ದು. ಅಂದ ಹಾಗೆ ರಷ್ಯನ್ ಭಾಷೆಯಲ್ಲಿ ಅವರ ಹೆಸರಿನ ಅರ್ಥವೇ ಬಣ್ಣ.

ಇನ್ನು ಮೂಲ ಪ್ರಶ್ನೆಗೆ ಬಂದರೆ, ಮೇಡಂ ಬರೆದಿರುವ ಪಟ್ಟಿಗಳ ಕ್ರಮವೇ ತಪ್ಪು ಎಂದು ನನ್ನ ಅನಿಸಿಕೆ. ನಾವು ಕಳೆದ ಸೆಮಿಸ್ಟರ್‌ನಲ್ಲಿ ಮಾಡಿದಾಗ ಕ್ಸ್ಯಾಂಥೊಫಿಲ್ ಎಲ್ಲಕ್ಕಿಂತ ಕೆಳಗೆ, ಕ್ಲೋರೋಫಿಲ್ ಬಿ ಗಿಂತಲೂ ಕೆಳಗೆ ನಿಂತಿತ್ತು.

ನಂದಿ ತಪ್ಪಲು:
ನೀವು ಮಾಡಿದ್ದು ಯಾವುದರ ಮೇಲೆ?

ಎಂಎಸ್‌ಸಿ ಕೋಲಾರ:
ಸಿಲಿಕಾ ಹಚ್ಚಿದ ತೆಳು ಪದರದ ಫಲಕದ ಮೇಲೆ, ಹೆಕ್ಸೇನ್ ಮತ್ತು ಅಸಿಟೋನ್ ಮಿಶ್ರಣದಲ್ಲಿ.

ಕಲ್ಪತರು ಸೀಮೆ:
ಹಾಗಾದರೆ ತಮ್ಮದೂ ಸರಿ, ಮೇಡಂ ಅವರದೂ ಸರಿ. ಸಿಲಿಕಾ ಲ್ಯೂಟೀನ್‌ನ ಹೈಡ್ರಾಕ್ಸಿಲ್ ಗುಂಪುಗಳನ್ನು ಗಟ್ಟಿಯಾಗಿ ಹಿಡಿಯುತ್ತದೆ, ಅದಕ್ಕೆ ಅಲ್ಲಿ ಹಳದಿ ಕೆಳಗುಳಿಯುತ್ತದೆ. ಕಾಗದಕ್ಕೆ ಅಷ್ಟು ಬಿಗಿ ಇಲ್ಲ. ನೆಲ ಬದಲಾದರೆ ಓಟದ ಕ್ರಮವೂ ಬದಲಾಗುತ್ತದೆ. ಒಂದು ಪುಸ್ತಕದ ಚಿತ್ರವನ್ನು ಇನ್ನೊಂದು ಪುಸ್ತಕದ ಪಟ್ಟಿಯ ಪಕ್ಕದಲ್ಲಿಟ್ಟು ಜಗಳವಾಡುವವರು ಮೊದಲು ಅಡಿಯಲ್ಲಿ ಇದ್ದದ್ದು ಕಾಗದವೋ ಸಿಲಿಕಾವೋ ಎಂದು ಕೇಳಬೇಕು.

ಎಂಎಸ್‌ಸಿ ಕೋಲಾರ:
ಒಪ್ಪಿಕೊಂಡೆ ಸರ್. ತಪ್ಪು ಎಂಬ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ.

ಟೊಮೆಟೊ ಮಂಡಿ:
ವಿಜ್ಞಾನ ಓದಿದವನಲ್ಲ, ಕುತೂಹಲಕ್ಕೆ ಕೇಳುತ್ತಿದ್ದೇನೆ. ಕೋಲಾರದಲ್ಲಿ ಇದ್ದುಕೊಂಡು ಪಾಲಕ್ ಏಕೆ, ಟೊಮೆಟೊ ಬಳಸಿ ಮಾಡಬಾರದೇ? ಮತ್ತೆ ಪೆಟ್ರೋಲಿಯಂ ಈಥರ್ ಸಿಗದಿದ್ದರೆ ಬಂಕಿನ ಪೆಟ್ರೋಲ್ ನಡೆಯುವುದಿಲ್ಲವೇ?

ಮಧುಗಿರಿ ಅಟೆಂಡರ್:
ಅಣ್ಣಾ, ಪೆಟ್ರೋಲ್ ಮಾತ್ರ ಬೇಡ. ಅದರಲ್ಲಿ ಆರೋಗ್ಯಕ್ಕೆ ಕೆಟ್ಟದಾದ ಬೆಂಜೀನ್ ಇದೆ, ಈಗ ಎಥನಾಲ್ ಕೂಡ ಬೆರೆತಿರುತ್ತದೆ, ಬಣ್ಣದ ಓಟವೂ ಕೆಡುತ್ತದೆ. ಪೆಟ್ರೋಲಿಯಂ ಈಥರ್ ಎನ್ನುವುದು ಕಡಿಮೆ ಶಾಖದಲ್ಲೇ ಕುದಿಯುವ ಶುದ್ಧ ಹೈಡ್ರೋಕಾರ್ಬನ್‌ಗಳ ಬೇರೆ ಬಾಟಲಿ. ಅದಾದರೂ ಸುಲಭವಾಗಿ ಹೊತ್ತಿಕೊಳ್ಳುವಂಥದ್ದೇ. ಈ ಪ್ರಯೋಗದ ದಿನ ನಾನು ಸ್ಪಿರಿಟ್ ಲ್ಯಾಂಪುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ, ಕಿಟಕಿಗಳನ್ನು ತೆರೆದಿಡುತ್ತೇನೆ.

ಎಂಎಸ್‌ಸಿ ಕೋಲಾರ:
ಟೊಮೆಟೊದ ಕೆಂಪು ಲೈಕೊಪೀನ್. ಅದರಲ್ಲೂ ಇರುವುದು ಕ್ಯಾರೋಟೀನ್‌ನಂತೆಯೇ 40 ಕಾರ್ಬನ್, 56 ಹೈಡ್ರೋಜನ್. ಎರಡರಲ್ಲೂ ಆಮ್ಲಜನಕವಿಲ್ಲದ ಕಾರಣ ಕಾಗದದ ಮೇಲೆ ಎರಡೂ ಜೊತೆಯಾಗಿ ತುದಿಗೆ ಓಡಿಬಿಡುತ್ತವೆ, ಬೇರ್ಪಡಿಸಿದ ಹಾಗಾಗುವುದಿಲ್ಲ. ಅಲ್ಯುಮಿನಾ ತುಂಬಿದ ಕೊಳವೆಯಲ್ಲಿ ಬೇರೆಯಾಗುತ್ತವೆ, ಹಳದಿ ಮೊದಲು ಇಳಿಯುತ್ತದೆ, ಕೆಂಪು ಹಿಂದೆ ಬರುತ್ತದೆ. ನಮ್ಮ ಕಡೆ ಬೆಳೆಯುವ ಚೆಂಡುಹೂವಿನಲ್ಲೂ ಒಂದು ಬಲೆ ಇದೆ. ಅದರ ಹಳದಿ ಲ್ಯೂಟೀನ್ ಆದ್ದರಿಂದ ಕ್ಸ್ಯಾಂಥೊಫಿಲ್‌ನ ಜಾಗದಲ್ಲಿ ನಿಲ್ಲಬೇಕೆಂದು ಕಾಯುತ್ತೇವೆ, ಅದು ಹೋಗಿ ತುದಿಯ ಸಮೀಪ ನಿಲ್ಲುತ್ತದೆ. ಹೂವಿನಲ್ಲಿ ಲ್ಯೂಟೀನ್‌ನ ಹೈಡ್ರಾಕ್ಸಿಲ್‌ಗಳಿಗೆ ಕೊಬ್ಬಿನ ಆಮ್ಲಗಳು ಅಂಟಿಕೊಂಡಿರುವುದೇ ಕಾರಣ, ಕಾಗದಕ್ಕೆ ಹಿಡಿಕೆ ಸಿಗುವುದಿಲ್ಲ.

ಮುಳಬಾಗಿಲು ಅಡುಗೆಮನೆ:
ಕೆಂಪು ದಂಟಿನ ಸೊಪ್ಪಿನಲ್ಲಿ ಮಾಡಿದರೆ ಕೆಂಪು ಪಟ್ಟಿಯೂ ಒಂದು ಬರಬೇಕಲ್ಲವೇ? ಮಗಳು ಹಟ ಹಿಡಿದು ಮಾಡಿದಳು, ಕೆಂಪು ಚುಕ್ಕೆ ಇಟ್ಟ ಜಾಗದಲ್ಲೇ ಕುಳಿತಿತ್ತು.

ಶಿರಾ ದಾರಿ:
ಅದು ದಾಸವಾಳದಲ್ಲಿರುವಂಥ ಆಂಥೊಸಯನಿನ್ ಅಮ್ಮ, ನೀರಿನಲ್ಲಿ ಮಾತ್ರ ಕರಗುತ್ತದೆ.

ನಂದಿ ತಪ್ಪಲು:
ನೀರಿನಲ್ಲಿ ಕರಗುತ್ತದೆ ಎಂಬ ಮಾತು ಸರಿ, ಹೆಸರು ಸರಿಯಲ್ಲ ಸರ್. ದಂಟು, ಬೀಟ್‌ರೂಟ್ ಮತ್ತು ಬೋಗನ್‌ವಿಲ್ಲಾ ಗಿಡಗಳ ಕೆಂಪು ಬೀಟಲೇನ್ ಗುಂಪಿನದು, ಅದರಲ್ಲಿ ಸಾರಜನಕವಿದೆ. ಆಂಥೊಸಯನಿನ್ ಮತ್ತು ಬೀಟಲೇನ್ ಎರಡನ್ನೂ ಒಟ್ಟಿಗೆ ತಯಾರಿಸುವ ಗಿಡ ಪ್ರಕೃತಿಯಲ್ಲಿ ಸಿಕ್ಕಿಲ್ಲ. ಬಸ್ಸಾರಿಗೆ ಸೊಪ್ಪು ಬೇಯಿಸಿ ಬಸಿದಾಗ ಕಟ್ಟು ಕೆಂಪಾಗಿ, ಸೊಪ್ಪು ಹಸಿರಾಗಿ ಉಳಿಯುವುದನ್ನು ನೆನೆಸಿಕೊಳ್ಳಿ. ಅಲ್ಲಿ ನೀರು ಕೆಂಪನ್ನು ಒಯ್ದು ಹಸಿರನ್ನು ಬಿಡುತ್ತದೆ, ನಿಮ್ಮ ಮಗಳ ಜಾಡಿಯಲ್ಲಿ ಈಥರ್ ಹಸಿರನ್ನು ಒಯ್ದು ಕೆಂಪನ್ನು ಬಿಟ್ಟಿದೆ. ಆ ಕಾಗದವನ್ನು ಎಸೆಯಬೇಡಿರೆನ್ನಿ.

ಮುಳಬಾಗಿಲು ಅಡುಗೆಮನೆ:
ಇಷ್ಟು ವರ್ಷ ಬಸಿದ ಕಟ್ಟಿನಲ್ಲಿ ಇಷ್ಟೊಂದು ವಿಷಯ ಇತ್ತೆಂದು ಗೊತ್ತಿರಲಿಲ್ಲ.

ಶಿಡ್ಲಘಟ್ಟ ಗೂಡು:
ಸೊಪ್ಪಿನ ಮಾತು ಬಂದದ್ದರಿಂದ ಕೇಳುತ್ತೇನೆ. ನಮ್ಮಲ್ಲಿ ಹಿಪ್ಪುನೇರಳೆ ಸೊಪ್ಪು ತಿಂದ ರೇಷ್ಮೆ ಹುಳು ಹಳದಿ ಗೂಡು ಕಟ್ಟುತ್ತದೆ. ಹಸಿರು ಸೊಪ್ಪಿನಲ್ಲಿ ಈ ಹಳದಿ ಮೊದಲೇ ಅಡಗಿರುತ್ತದೆ ಎಂದು ನೀವು ಹೇಳಿದ ಹಾಗಾಯಿತು. ಆದರೆ ಅದೇ ತೋಟದ ಸೊಪ್ಪು ತಿಂದು ಬೈವೋಲ್ಟೀನ್ ಎಂಬ ತಳಿಯ ಹುಳು ಬಿಳಿ ಗೂಡು ಕಟ್ಟುತ್ತದೆಯಲ್ಲ, ಆ ಹಳದಿ ಎಲ್ಲಿಗೆ ಹೋಯಿತು?

ನಂದಿ ತಪ್ಪಲು:
ಒಳ್ಳೆಯ ಪ್ರಶ್ನೆ. ಹುಳು ಕ್ಯಾರೋಟಿನಾಯ್ಡ್‌ಗಳನ್ನು (ಕ್ಯಾರೋಟೀನ್, ಕ್ಸ್ಯಾಂಥೊಫಿಲ್‌ಗಳ ಗುಂಪು) ತಾನೇ ತಯಾರಿಸಲಾರದು, ಸೊಪ್ಪಿನಿಂದಲೇ ಪಡೆಯಬೇಕು. ಹಳದಿ ಗೂಡಿನ ತಳಿಗಳಲ್ಲಿ ಲ್ಯೂಟೀನ್ ಮೊದಲಾದವು ಕರುಳಿನಿಂದ ರಕ್ತಕ್ಕೆ, ಅಲ್ಲಿಂದ ರೇಷ್ಮೆ ಗ್ರಂಥಿಗೆ ಸಾಗುತ್ತವೆ. ಆ ಸಾಗಣೆಗೆ ಬೇಕಾದ ಜೀನ್‌ಗಳು ಬಿಳಿ ಗೂಡಿನ ತಳಿಗಳಲ್ಲಿ ಕೆಲಸ ಮಾಡುವುದಿಲ್ಲ, ಹಾಗಾಗಿ ಬಣ್ಣ ದಾರಕ್ಕೆ ಸೇರುವುದಿಲ್ಲ. ಮೈಸೂರು ತಳಿಯ ಗೂಡಿನ ಹಸಿರು ಹಳದಿಗೆ ಫ್ಲೇವನಾಯ್ಡ್‌ಗಳೆಂಬ ಬೇರೊಂದು ಗುಂಪಿನ ವರ್ಣದ್ರವ್ಯಗಳೂ ಕಾರಣ.

ಶಿಡ್ಲಘಟ್ಟ ಗೂಡು:
ನಿಜವಿರಬೇಕು. ಹಳದಿ ಗೂಡಿನ ಹುಳುವಿನ ಕಾಲು ಆಕಸ್ಮಿಕವಾಗಿ ಚಿವುಟಿದರೆ ಹಳದಿ ರಸ ಬರುತ್ತದೆ ಎಂದು ನಮ್ಮ ತಂದೆ ಹೇಳುತ್ತಿದ್ದರು. ಪಾಲಕ್ ಬದಲು ಹಿಪ್ಪುನೇರಳೆ ಬಳಸಿ ನೋಡಿ ಮೇಡಂ, ಸೊಪ್ಪು ಬೇಕಾದಷ್ಟು ಕಳಿಸಿಕೊಡುತ್ತೇನೆ.

ತಿಪಟೂರು ಪರೀಕ್ಷಕ:
ನನ್ನ ಮಾತು ಕೆಲವರಿಗೆ ಹಿಡಿಸದಿರಬಹುದು. ಪ್ರಾಯೋಗಿಕ ಪರೀಕ್ಷೆಯ ಅವಧಿ ಚಿಕ್ಕದು, ಮಕ್ಕಳು ಹೆಚ್ಚು, ಕಾಗದವೋ ಕೆಲವೊಮ್ಮೆ ಶೋಧಿಸುವ ಮಾಮೂಲಿ ಕಾಗದ. ಮಗು ಕಂಡದ್ದನ್ನೇ ಬರೆದರೆ ಉತ್ತರ ತಪ್ಪಾಗಿ ಅಂಕ ಹೋಗುತ್ತದೆ. ಪುಸ್ತಕದ ಮೌಲ್ಯ ಗೊತ್ತಿದ್ದು ಬರೆದರೆ ವಿಷಯವಾದರೂ ತಲೆಯಲ್ಲಿ ಉಳಿಯುತ್ತದೆ. ಮೇಡಂ ಸಹಿ ತಡೆಹಿಡಿದದ್ದು ಮಕ್ಕಳಿಗೆ ಶಿಕ್ಷೆ ಕೊಟ್ಟ ಹಾಗಾಯಿತು.

ನಂದಿ ತಪ್ಪಲು:
ಗೌರವದಿಂದಲೇ ಹೇಳುತ್ತೇನೆ ಸರ್, ಇದನ್ನು ನಾನು ಒಪ್ಪಲಾರೆ. ಆರ್‌ಎಫ್ ಎಂದರೆ ಬಣ್ಣ ಏರಿದ ದೂರವನ್ನು ದ್ರಾವಕ ಏರಿದ ದೂರದಿಂದ ಭಾಗಿಸಿದ ಸಂಖ್ಯೆ. ದ್ರಾವಕದ ಅಳತೆ, ಕಾಗದದ ಗುಣ, ಆ ದಿನದ ಸೆಖೆ, ಜಾಡಿಯೊಳಗಿನ ಆವಿ ಇವೆಲ್ಲ ಅದರಲ್ಲಿ ಸೇರಿರುತ್ತವೆ. ಇನ್ನೊಬ್ಬರ ಜಾಡಿಯ ಸಂಖ್ಯೆಯನ್ನು ನಮ್ಮ ಜಾಡಿಗೆ ಅಂಟಿಸಿದರೆ ಮಗುವಿನ ತಲೆಯಲ್ಲಿ ಉಳಿಯುವ ವಿಷಯ ಯಾವುದು? ಬರೀ ಅಸಿಟೋನ್‌ನಲ್ಲಿ ಒಂದೇ ಪಟ್ಟಿ ಬಂದಿತು, ಅದಕ್ಕೆ ಕಾರಣ ಇಂಥದ್ದು ಎಂದು ಬರೆದ ಮಗುವಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ತಿಪಟೂರು ಪರೀಕ್ಷಕ:
ತಾವು ಕೊಡುತ್ತೀರಿ. ಹೊರಗಿನಿಂದ ಬಂದವರು ಕೊಡಬೇಕಲ್ಲ.

ಮಧುಗಿರಿ ಅಟೆಂಡರ್:
ಇಬ್ಬರೂ ತಪ್ಪು ತಿಳಿಯಬಾರದು. ಚುಕ್ಕೆ ಸಣ್ಣದಾಗಿ ಇಟ್ಟು ಬಿರಡೆ ಸರಿಯಾಗಿ ಮುಚ್ಚಿದರೆ ಈ ಜಗಳವೇ ಬರುವುದಿಲ್ಲ.

ಹೊಸ ಪಿಯು:
ನಾನು ಕಾಗದವನ್ನು ರೆಕಾರ್ಡ್‌ಗೆ ಅಂಟಿಸಿದ್ದೆ. ಎರಡು ವಾರದಲ್ಲಿ ಬಣ್ಣವೆಲ್ಲ ಹೋಯಿತು. ಈಗ ನಾನು ಮಾಡಿಯೇ ಇಲ್ಲವೆನ್ನುತ್ತಾರೆ.

ಎಂಎಸ್‌ಸಿ ಕೋಲಾರ:
ಬೆಳಕು ಕ್ಲೋರೋಫಿಲ್ ಅನ್ನು ಬಿಳಿಚಿಸುತ್ತದೆ, ಗಾಳಿಯ ಆಮ್ಲಜನಕ ಕ್ಯಾರೋಟೀನ್ ಅನ್ನು ಕೆಡಿಸುತ್ತದೆ. ಕಾಗದ ಹೊರತೆಗೆದ ಕೂಡಲೇ ದ್ರಾವಕದ ಅಂಚನ್ನೂ ಪ್ರತಿ ಪಟ್ಟಿಯ ಸುತ್ತನ್ನೂ ಪೆನ್ಸಿಲ್‌ನಲ್ಲಿ ಗುರುತಿಸಿ, ಪಕ್ಕದಲ್ಲಿ ಬಣ್ಣದ ಹೆಸರು ಬರೆದುಬಿಡು. ಮಾಸುವ ಮೊದಲು ಅಂಗಡಿಯವರು ನೋಟು ಪರೀಕ್ಷಿಸುವ ನೇರಳೆ ದೀಪವನ್ನು ಕತ್ತಲಲ್ಲಿ ಹಿಡಿದು ನೋಡು, ಕ್ಲೋರೋಫಿಲ್ ಪಟ್ಟಿಗಳು ಕೆಂಪಾಗಿ ಹೊಳೆಯುತ್ತವೆ, ಕ್ಯಾರೋಟೀನ್ ಹಾಗೆ ಹೊಳೆಯುವುದಿಲ್ಲ.

ನಂದಿ ತಪ್ಪಲು:
ಎಲ್ಲರ ಸಲಹೆಗಳನ್ನು ಸೇರಿಸಿಕೊಂಡು ನಿನ್ನೆ ಮತ್ತೆ ಮಾಡಿಸಿದೆ. ಎಲೆ ಒರೆಸಿ, ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಮರಳು ಹಾಕಿ ಅರೆದೆವು. ಬುಡದಿಂದ 2 ಸೆಂಟಿಮೀಟರ್ ಮೇಲೆ ಗೆರೆ ಎಳೆದು, ಹನ್ನೆರಡು ಸಲ ಚುಕ್ಕೆ ಇಟ್ಟೆವು. ದ್ರಾವಕ ಚುಕ್ಕೆಗಿಂತ ಕೆಳಗೇ ಇರುವಂತೆ, ಕಾಗದ ಜಾಡಿಯ ಗೋಡೆಗೆ ತಾಗದಂತೆ ನೋಡಿಕೊಂಡೆವು. ಬಿರಡೆ ಮುಚ್ಚಿದ ಮೇಲೆ ಅಲುಗಾಡಿಸಲಿಲ್ಲ.

ದ್ರಾವಕ ಗೆರೆಯಿಂದ 10 ಸೆಂಟಿಮೀಟರ್ ಏರಿತು. ಕ್ಯಾರೋಟೀನ್ 9.5ರಲ್ಲಿ, ಬಹಳ ತೆಳುವಾದ ಬೂದು ಪಟ್ಟಿ 8.2ರಲ್ಲಿ, ಕ್ಸ್ಯಾಂಥೊಫಿಲ್ 7ರಲ್ಲಿ, ಕ್ಲೋರೋಫಿಲ್ ಎ 6.2ರಲ್ಲಿ, ಬಿ 4.4ರಲ್ಲಿ ನಿಂತವು. ಅಂದರೆ 0.95, 0.82, 0.70, 0.62 ಮತ್ತು 0.44. ಒಂದು ಜಾಡಿಯಲ್ಲಿ ಮಾತ್ರ ಕ್ಸ್ಯಾಂಥೊಫಿಲ್ ಮತ್ತು ಕ್ಲೋರೋಫಿಲ್ ಎ ಒಂದಕ್ಕೊಂದು ಅಂಟಿಕೊಂಡವು, ಅಲ್ಲಿ ಚುಕ್ಕೆ ದಪ್ಪವಾಗಿತ್ತು. ಅವರೂ ಹಾಗೆಯೇ ಬರೆದಿದ್ದಾರೆ, ಸಹಿ ಹಾಕಿದ್ದೇನೆ. ಮೊದಲ ಎರಡು ದಿನಗಳ ಕಾಗದಗಳನ್ನೂ ರೆಕಾರ್ಡ್‌ನಲ್ಲಿ ಕಾರಣ ಸಹಿತ ಅಂಟಿಸಲು ಹೇಳಿದ್ದೇನೆ.

ತಿಪಟೂರು ಪರೀಕ್ಷಕ:
ಬೂದು ಪಟ್ಟಿಯನ್ನೂ ಬರೆಸಿದ್ದೀರಾ?

ನಂದಿ ತಪ್ಪಲು:
ಹೌದು ಸರ್, ಹೆಸರು ಸಮೇತ. ನಮ್ಮ ಕಾಲೇಜಿಗೆ ತಾವೇ ಬಂದರೆ ವೈವಾದಲ್ಲಿ ಅದನ್ನೇ ಕೇಳಿ.

ತಿಪಟೂರು ಪರೀಕ್ಷಕ:
ಕೇಳುತ್ತೇನೆ. ಹುಣಸೆಹುಳಿಯ ಉದಾಹರಣೆ ಕೊಟ್ಟವರಿಗೆ ಅರ್ಧ ಅಂಕವನ್ನೂ ಕಡಿಯುವುದಿಲ್ಲ.

ಮಧುಗಿರಿ ಅಟೆಂಡರ್:
ಮಿಕ್ಕ ದ್ರಾವಕವನ್ನು ನಾಳೆಯ ತಂಡಕ್ಕೆಂದು ಎತ್ತಿಡಬೇಡಿ ಮೇಡಂ. ರಾತ್ರಿಯಲ್ಲಿ ಒಂದು ಹೆಚ್ಚು ಹಾರಿ ಇನ್ನೊಂದು ಉಳಿದು ಅಳತೆ ತಪ್ಪುತ್ತದೆ, ಆಮೇಲೆ ಮತ್ತೆ ಇಲ್ಲಿಗೆ ಬಂದು ಕೇಳುತ್ತೀರಿ. ಸಿಂಕಿಗೂ ಸುರಿಯಬೇಡಿ, ತ್ಯಾಜ್ಯದ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ.

ಶಿಡ್ಲಘಟ್ಟ ಗೂಡು:
ಸೊಪ್ಪು ಸೋಮವಾರದ ಬಸ್ಸಿಗೆ ಕಳಿಸಲೇ?

ನಂದಿ ತಪ್ಪಲು:
ಕಳಿಸಿ. ಒದ್ದೆ ಗೋಣಿಯಲ್ಲಿ ಸುತ್ತಿದ್ದರೆ ಇಲ್ಲಿ ಒರೆಸಿಕೊಳ್ಳುತ್ತೇವೆ.